ಸೋಲರಿಯದ ಪುಡಿ

ಭೂಮಿಯ ಮೇಲೆ ಇದುವರೆಗೆ ಸೋಲನ್ನೇ ಕಾಣದ ಪದಾರ್ಥವೊಂದಿದ್ದರೆ ಅದು ತಲೆಗೆ ಹಚ್ಚುವ ಗಿಡಮೂಲಿಕೆಯ ಪುಡಿ. ಔಷಧಿ ಸೋಲುತ್ತದೆ, ಶಸ್ತ್ರಚಿಕಿತ್ಸೆ ಸೋಲುತ್ತದೆ, ಸರ್ಕಾರಗಳಂತೂ ಸೋಲುವುದಕ್ಕೆಂದೇ ಹುಟ್ಟುತ್ತವೆ. ಪುಡಿ ಸೋತ ದಾಖಲೆ ಮಾತ್ರ ಎಲ್ಲಿಯೂ ಇಲ್ಲ. ಕೂದಲು ಬಂದರೆ ಪುಡಿಯ ಮಹಿಮೆ, ಬಾರದಿದ್ದರೆ ತಲೆಯ ದೋಷ. ಇಷ್ಟು ಅನುಕೂಲವಾದ ಕರಾರು ಯಾವ ವೈದ್ಯನಿಗೂ ದಕ್ಕಿಲ್ಲ.

ವಿಚಾರಣೆ ನಡೆಯುವ ಬಗೆ ಇದು. ನೀವು ಮೆಂತ್ಯ, ನೆಲ್ಲಿ, ಭೃಂಗರಾಜ, ದಾಸವಾಳ, ಬೇವು ಎಲ್ಲವನ್ನೂ ಹೇಳಿದ ಅಳತೆಯಲ್ಲೇ ಕಲಸಿ, ಹೇಳಿದಷ್ಟು ಹೊತ್ತು ತಲೆಯ ಮೇಲೆ ಹೊತ್ತು, ತಿಂಗಳುಗಳ ಬಳಿಕ ಸಲಹೆ ಕೊಟ್ಟವರ ಮುಂದೆ ನಿಂತು "ಕೂದಲು ಇನ್ನೂ ಉದುರುತ್ತಿದೆ" ಎನ್ನುತ್ತೀರಿ. ದೂರು ಕೊಡಲು ಬಂದವರು ಆ ಕ್ಷಣದಿಂದ ಆರೋಪಿ.

"ಕಬ್ಬಿಣದ ಬಾಣಲೆಯಲ್ಲಿ ಕಲಸಿದಿರಾ?"

"ಹೌದು."

"ರಾತ್ರಿಯೆಲ್ಲ ನೆನೆಸಿದಿರಾ?"

"ನೆನೆಸಿದೆ."

"ಯಾವ ಚಮಚ?"

"ಸ್ಟೀಲಿನದು."

"ನೋಡಿ, ಅಲ್ಲೇ ಎಡವಿದ್ದೀರಿ. ಮರದ್ದಾಗಬೇಕಿತ್ತು."

ಮರದ ಚಮಚವನ್ನೇ ಬಳಸಿದ್ದೇನೆ ಎಂದು ಸಾಕ್ಷಿ ಸಮೇತ ಹೇಳಿದರೆ, ತೊಳೆದ ನೀರು ಬಿಸಿಯಾಗಿತ್ತೋ ತಣ್ಣಗಿತ್ತೋ ಎಂಬ ಪ್ರಶ್ನೆ ಬರುತ್ತದೆ. ಅದನ್ನೂ ದಾಟಿದರೆ ನಿದ್ದೆ, ಆಮೇಲೆ ಯೋಚನೆ, ಆಮೇಲೆ ದೇಹದ ಉಷ್ಣ. ಎಲ್ಲದಕ್ಕೂ ಸರಿಯಾದ ಉತ್ತರ ಕೊಟ್ಟವರಿಗೆಂದೇ ಕೊನೆಯ ಅಸ್ತ್ರವೊಂದಿದೆ: "ಈಗ ಉದುರುತ್ತಿರುವುದು ಹಳೆಯ, ದುರ್ಬಲ ಕೂದಲು. ಹೊಸದಕ್ಕೆ ಜಾಗ ಬಿಟ್ಟುಕೊಡುತ್ತಿದೆ." ಅಂದರೆ ಕೂದಲು ನಿಂತರೂ ಪುಡಿ ಕೆಲಸ ಮಾಡುತ್ತಿದೆ, ಉದುರಿದರೂ ಕೆಲಸ ಮಾಡುತ್ತಿದೆ. ತಲೆ ಪೂರ್ತಿ ಬೋಳಾದರೆ ಪುಡಿ ಅಂದುಕೊಂಡದ್ದಕ್ಕಿಂತ ಜೋರಾಗಿ ಕೆಲಸ ಮಾಡಿದೆ ಎಂದುಕೊಳ್ಳಬೇಕು.

ಈ ಅಜೇಯತೆಗೆ ನಿಜವಾದ ಕಾರಣ ಕೂದಲಿನ ಸ್ವಭಾವದಲ್ಲೇ ಇದೆ. ನೆತ್ತಿಯ ಮೇಲಿರುವ ಸುಮಾರು ಒಂದು ಲಕ್ಷ ಕೂದಲಿನಲ್ಲಿ ಹೆಚ್ಚಿನವು ಬೆಳೆಯುತ್ತಿರುತ್ತವೆ, ಒಂದು ಪಾಲು ವಿಶ್ರಾಂತಿಯಲ್ಲಿದ್ದು ಉದುರುವ ಸರದಿ ಕಾಯುತ್ತಿರುತ್ತದೆ. ದಿನಕ್ಕೆ 50ರಿಂದ 100 ಕೂದಲು ಉದುರುವುದು ಆರೋಗ್ಯವಂತರಿಗೂ ಸಹಜ. ಜೋರು ಜ್ವರ, ಹೆರಿಗೆ, ದೊಡ್ಡ ಶಸ್ತ್ರಚಿಕಿತ್ಸೆ, ಊಟ ಬಿಟ್ಟು ತೂಕ ಇಳಿಸಿದ ಸಾಹಸ, ಇಂಥ ಆಘಾತವಾದಾಗ ಬಹಳಷ್ಟು ಕೂದಲು ಒಟ್ಟಿಗೇ ವಿಶ್ರಾಂತಿಗೆ ಜಾರಿ, ಎರಡು ಮೂರು ತಿಂಗಳ ನಂತರ ಒಟ್ಟಿಗೇ ಉದುರುತ್ತದೆ. ಅಷ್ಟು ಹೊತ್ತಿಗೆ ಜ್ವರ ಬಂದದ್ದೇ ಮರೆತುಹೋಗಿರುತ್ತದೆ. ಕೋವಿಡ್ ಬಂದುಹೋದ ಕೆಲವು ತಿಂಗಳಿಗೆ ಎಷ್ಟೋ ಜನರ ಬಾಚಣಿಗೆ ತುಂಬಿಕೊಂಡದ್ದು ಹೀಗೆಯೇ. ವೈದ್ಯರು ಇದನ್ನು ಟೆಲೋಜೆನ್ ಎಫ್ಲುವಿಯಂ ಎನ್ನುತ್ತಾರೆ. ಮೂಲ ಕಾರಣ ಹೋಗಿದ್ದರೆ ಸಾಮಾನ್ಯವಾಗಿ ಆರು ತಿಂಗಳೊಳಗೆ ತಾನಾಗಿಯೇ ನಿಲ್ಲುತ್ತದೆ, ಕೂದಲೂ ಮರಳುತ್ತದೆ.

ಪುಡಿ ಕೇಳುವ ಗಡುವು ಎಷ್ಟು? "ಮೂರರಿಂದ ಆರು ತಿಂಗಳು ಬಿಡದೆ ಹಚ್ಚಿ."

ತನ್ನ ಹುಂಜ ಕೂಗುವುದರಿಂದಲೇ ಊರಿಗೆ ಬೆಳಗಾಗುತ್ತದೆ ಎಂದು ನಂಬಿದ್ದ ಅಜ್ಜಿ ಕನಿಷ್ಠ ಹುಂಜವನ್ನು ಬೇರೆಯವರಿಗೆ ಮಾರಲು ಹೋಗಲಿಲ್ಲ. ಇಲ್ಲಿ ಬೆಳಗಾದ ಮರುದಿನವೇ ವಿಡಿಯೊ ಸಿದ್ಧ. ಎಡಗಡೆ 'ಮೊದಲು', ಬಲಗಡೆ 'ನಂತರ'. ಎಡಗಡೆಯ ಚಿತ್ರದಲ್ಲಿ ಒದ್ದೆ ಕೂದಲನ್ನು ನಡುವೆ ಬೈತಲೆ ತೆಗೆದು ತಲೆಗಂಟಿಸಿ, ಟ್ಯೂಬ್‌ಲೈಟಿನ ಕೆಳಗೆ ನೆತ್ತಿ ಬಗ್ಗಿಸಿ ನಿಲ್ಲಿಸಿದ್ದಾರೆ. ಬಲಗಡೆಯದರಲ್ಲಿ ಕೂದಲು ಒಣಗಿದೆ, ಬೈತಲೆ ಪಕ್ಕಕ್ಕೆ ಸರಿದಿದೆ, ಬೆಳಕು ಕಿಟಕಿಯಿಂದ ಬರುತ್ತಿದೆ, ಮುಖದಲ್ಲಿ ನಗು ಬಂದಿದೆ. ಒಂದು ಟವೆಲ್ ಮತ್ತು ಒಂದು ಕಿಟಕಿಯಿಂದಲೇ ಈ ಪವಾಡ ಸಾಧ್ಯ. ಆದರೆ ಟವೆಲಿನಿಂದ ತಲೆ ಒರೆಸಿಕೊಂಡೆ ಎಂದರೆ ಯಾರು ನೋಡುತ್ತಾರೆ?

ವಂಶದಿಂದ ಬಂದ ಬೋಳು ಮಾತ್ರ ಆರು ತಿಂಗಳಲ್ಲಿ ತಾನಾಗಿ ಹಿಂದೆ ಸರಿಯುವುದಿಲ್ಲ. ಅಲ್ಲಿ ಡಿಎಚ್‌ಟಿ ಎಂಬ ಹಾರ್ಮೋನು ಕೂದಲು ಹುಟ್ಟುವ ಪುಟ್ಟ ಚೀಲಗಳನ್ನು ವರ್ಷದಿಂದ ವರ್ಷಕ್ಕೆ ಕುಗ್ಗಿಸುತ್ತಾ ಹೋಗುತ್ತದೆ. ಆ ಮೊಕದ್ದಮೆಯಲ್ಲಿ ಪುಡಿಯ ಕಡೆಯ ವಾದ ಇನ್ನೂ ಸರಳ: "ನಿಮ್ಮ ತಂದೆಯವರು ಹಚ್ಚಿಕೊಳ್ಳಬೇಕಿತ್ತು."

ಪೊಟ್ಟಣಗಳ ಮೇಲಿರುವ 'ಬೇರಿಗೆ ಪೋಷಣೆ' ಎಂಬ ಮಾತಿಗೆ ಬರೋಣ. ಕೂದಲಿನ ಬೇರು ಚರ್ಮದಡಿಯಲ್ಲಿ ಕೆಲವು ಮಿಲಿಮೀಟರ್ ಆಳದಲ್ಲಿದ್ದು, ತನಗೆ ಬೇಕಾದದ್ದನ್ನು ರಕ್ತದಿಂದ ಪಡೆಯುತ್ತದೆ. ಹೊರಗೆ ಕಾಣುವ ಎಳೆ ಕೆರಟಿನ್ ಎಂಬ ಪ್ರೋಟೀನಿನ ನಿರ್ಜೀವ ದಾರ. ಅದಕ್ಕೆ ಬಾಯಿಯಿಲ್ಲ, ಹೊಟ್ಟೆಯಿಲ್ಲ, ಹಸಿವಂತೂ ಇಲ್ಲವೇ ಇಲ್ಲ. ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುವುದರಿಂದ, 60 ಸೆಂಟಿಮೀಟರ್ ಉದ್ದದ ಜಡೆಯ ತುದಿ ತಲೆಯಿಂದ ಹೊರಬಿದ್ದು ಐದು ವರ್ಷವಾಗಿದೆ. ಐದು ವರ್ಷದ ಹಿಂದೆ ತೀರಿಹೋದದ್ದಕ್ಕೆ ಪ್ರತಿ ಭಾನುವಾರ ನೆಲ್ಲಿಪುಡಿ, ಮೆಂತ್ಯ, ಮೊಸರು ಬಡಿಸುವ ಶ್ರದ್ಧೆಯನ್ನು ಮೆಚ್ಚಬೇಕು. ಆ ನೆಲ್ಲಿಕಾಯಿಯನ್ನು ಬಾಯಿಗೇ ಹಾಕಿಕೊಳ್ಳಿ ಎಂದು ಹೇಳಿ ನೋಡಿ, "ಅಯ್ಯೋ, ಹುಳಿ, ಹಲ್ಲು ಜುಮ್ಮೆನ್ನುತ್ತದೆ" ಎನ್ನುತ್ತಾರೆ.

ಹಾಗೆಂದು ಪುಡಿಗಳು ನಿಷ್ಪ್ರಯೋಜಕ ಎಂದರೆ ಅವುಗಳಿಗೆ ಅನ್ಯಾಯವಾಗುತ್ತದೆ. ಸೀಗೆಕಾಯಿ ಮತ್ತು ಅಂಟುವಾಳದಲ್ಲಿ ಸಪೋನಿನ್ ಇದೆ. ಅದು ನೊರೆ ಬರಿಸಿ ಜಿಡ್ಡನ್ನು ಎತ್ತುತ್ತದೆ, ಕಣ್ಣಿಗೆ ಬಿದ್ದರೆ ಪೂರ್ವಜರನ್ನೆಲ್ಲ ನೆನಪಿಸುತ್ತದೆ. ನೆನೆಸಿದ ಮೆಂತ್ಯದ ಲೋಳೆ ಎಳೆಗಳ ಮೇಲೆ ತೆಳುವಾಗಿ ಹರಡಿ ಸಿಕ್ಕು ಬಿಡಿಸುತ್ತದೆ. ಮದರಂಗಿಯ ಲಾಸೋನ್ ಕೆರಟಿನ್‌ಗೆ ಅಂಟಿಕೊಂಡು ಕೆಂಪು ಬಣ್ಣ ಕೊಡುತ್ತದೆ. ತೊಳೆಯುವುದು, ನುಣುಪು ಮಾಡುವುದು, ಬಣ್ಣ ಹಚ್ಚುವುದು: ಮೂರೂ ಮರ್ಯಾದಸ್ಥ ಕೆಲಸಗಳೇ. ಆದರೆ ಮರ್ಯಾದಸ್ಥ ಕೆಲಸಕ್ಕೆ ಯಾವ ಕಾಲದಲ್ಲಿ ಬೆಲೆಯಿತ್ತು? ಪಾತ್ರೆ ತೊಳೆಯಲು ಬಂದವನ ಕೈಯಲ್ಲಿ ರಾಜ್ಯವಾಳಿಸಲು ಹೊರಟಿದ್ದೇವೆ.

'ಕೆಮಿಕಲ್ ಇಲ್ಲ' ಎಂಬ ಘೋಷಣೆಯೂ ಅಷ್ಟೇ ಸೊಗಸು. ಈಗಷ್ಟೇ ಹೇಳಿದ ಸಪೋನಿನ್, ಲಾಸೋನ್ ಎರಡೂ ರಾಸಾಯನಿಕಗಳೇ. ಕಬ್ಬಿಣದ ಬಾಣಲೆಯಲ್ಲಿ ನೆಲ್ಲಿಪುಡಿ ಕಲಸಿಟ್ಟರೆ ಬೆಳಗಾಗುವಷ್ಟರಲ್ಲಿ ಕಪ್ಪಾಗುತ್ತದೆಯಲ್ಲ, ಅದನ್ನು ಕಂಡು ಪುಡಿಗೆ 'ಶಕ್ತಿ ಬಂತು' ಎನ್ನುತ್ತಾರೆ. ಬಂದದ್ದು ಶಕ್ತಿಯಲ್ಲ, ಶಾಯಿ. ನೆಲ್ಲಿಯ ಟ್ಯಾನಿನ್ ಕಬ್ಬಿಣದೊಂದಿಗೆ ಸೇರಿ ಕಪ್ಪಾಗುವ ಈ ಕ್ರಿಯೆಯಿಂದಲೇ ಯೂರೋಪಿನಲ್ಲಿ ಶತಮಾನಗಳ ಕಾಲ ಬರೆಯುವ ಮಸಿ ತಯಾರಾಗುತ್ತಿತ್ತು, ನೆಲ್ಲಿಯ ಬದಲು ಓಕ್ ಮರದ ಗಂಟುಗಳನ್ನು ಬಳಸುತ್ತಿದ್ದರು. ಹೀಗಾಗಿ ಅಕ್ಷರ ತಲೆಗೆ ಹತ್ತದವರಿಗೂ ಮಸಿಯಂತೂ ಹತ್ತುತ್ತಿದೆ.

ತಲೆಹೊಟ್ಟಿನ ಚಿಕಿತ್ಸೆ ಇನ್ನೂ ಉದಾರವಾದದ್ದು. ಹೊಟ್ಟಿಗೆ ಮುಖ್ಯ ಕಾರಣಗಳಲ್ಲೊಂದು ಮಲಸೇಜಿಯ ಎಂಬ ಶಿಲೀಂಧ್ರ, ಅದರ ಆಹಾರ ನೆತ್ತಿಯ ಜಿಡ್ಡು. ಹಿಂದಿನ ರಾತ್ರಿ ಕೈತುಂಬ ಎಣ್ಣೆ ಸುರಿದು ಅದಕ್ಕೆ ಔತಣ ಏರ್ಪಡಿಸಿ, ಮರುದಿನ ಬೇವಿನ ಪುಡಿ ಹಚ್ಚಿ ಓಡಿಸಲು ಹೊರಡುತ್ತೇವೆ. ಉಳಿದ ಲೇಪವನ್ನು ಮುಂದಿನ ವಾರಕ್ಕೆಂದು ಡಬ್ಬಿಗೆ ತುಂಬಿ ಫ್ರಿಜ್‌ನಲ್ಲಿಡುತ್ತೇವೆ. ನೀರು ಸೇರಿದ ಪುಡಿಯಲ್ಲಿ ಕೆಡದಂತೆ ತಡೆಯುವ ಯಾವುದೂ ಇಲ್ಲ, ಅದೇ ಅದರ ಹೆಗ್ಗಳಿಕೆ. ಹಾಗಾಗಿ ಒಂದು ವಾರದಲ್ಲಿ ಡಬ್ಬಿಯೊಳಗೆ ಬೂಷ್ಟು ಮಾತ್ರ ಸಮೃದ್ಧವಾಗಿ, ದಟ್ಟವಾಗಿ, ರೇಷ್ಮೆಯ ಹೊಳಪಿನೊಂದಿಗೆ ಬೆಳೆದಿರುತ್ತದೆ. ಪೊಟ್ಟಣದ ಮೇಲೆ ಬರೆದದ್ದು ನಿಜವಾದದ್ದು ಅಲ್ಲೊಂದೇ ಕಡೆ.

ಪುಡಿ ತೊಳೆಯುವ ದೃಶ್ಯವನ್ನು ಯಾವ ವಿಡಿಯೊದಲ್ಲಿಯೂ ತೋರಿಸುವುದಿಲ್ಲ. ಹಚ್ಚುವಾಗ ಹಿನ್ನೆಲೆಯಲ್ಲಿ ವೀಣೆ, ಮುಂದಿನ ಕ್ಷಣ ಗಾಳಿಗೆ ಹಾರುವ ಕೂದಲು. ನಡುವೆ ಮುಕ್ಕಾಲು ಗಂಟೆ ನಲ್ಲಿಯ ಕೆಳಗೆ ಬಗ್ಗಿ ನಿಂತು ಸೊಂಟ ಹಿಡಿದುಕೊಂಡದ್ದು ಎಲ್ಲಿ ಹೋಯಿತು? ಒಣಗಿದ ಲೇಪ ತಲೆಯ ಮೇಲೆ ಗಟ್ಟಿಯಾಗಿ ಕೂತು ಬೆರಳಿಗೆ ಜಗ್ಗುವುದಿಲ್ಲ. ಎಳೆದರೆ ಪುಡಿಯೊಂದಿಗೆ ಕೂದಲೂ ಬರುತ್ತದೆ. ಬಚ್ಚಲ ಜಾಲರಿಯ ಮೇಲೆ ಹಸಿರು ಕೆಸರು ನಿಲ್ಲುತ್ತದೆ, ನೀರು ಹೋಗುವುದಿಲ್ಲ, ಹೊರಗಿನಿಂದ ಯಾರೋ ಬಾಗಿಲು ಬಡಿಯುತ್ತಾರೆ. ಮೂರು ದಿನ ಬಿಟ್ಟು ಕಚೇರಿಯಲ್ಲಿ ತಲೆ ಕೆರೆದುಕೊಂಡರೆ ಉಗುರಿನಲ್ಲಿ ಮೆಂತ್ಯದ ಸಿಪ್ಪೆ ಸಿಗುತ್ತದೆ. ಪಕ್ಕದ ಕುರ್ಚಿಯವರು ಅದನ್ನು ಹೊಟ್ಟೆಂದು ತಿಳಿದು, ದಯೆಯಿಂದ, ಒಂದು ಪುಡಿಯ ಹೆಸರು ಹೇಳುತ್ತಾರೆ.

ಇನ್ನು 'ಅಡ್ಡಪರಿಣಾಮವಿಲ್ಲ'. ಕೂದಲು ಬೆಳೆಸುವುದರಲ್ಲಿ ಪರೀಕ್ಷೆಗಳನ್ನು ದಾಟಿ ಬಂದ ಕೆಲವೇ ಔಷಧಿಗಳಲ್ಲಿ ಮಿನಾಕ್ಸಿಡಿಲ್ ಒಂದು. ಅದು ಮೊದಲು ರಕ್ತದೊತ್ತಡದ ಮಾತ್ರೆಯಾಗಿತ್ತು. ನುಂಗಿದವರಿಗೆ ಬೇಡದ ಕಡೆಯೆಲ್ಲ ಕೂದಲು ಬೆಳೆಯತೊಡಗಿದಾಗ ಬುದ್ಧಿವಂತರು ಅದನ್ನು ದ್ರಾವಣ ಮಾಡಿ ನೆತ್ತಿಗೆ ಹಚ್ಚಿ ನೋಡಿದರು. 1988ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಗಂಡಸರ ಬೋಳಿಗೆ ಅದನ್ನು ಒಪ್ಪಿತು. ಅಂದರೆ ಅಲ್ಲಿ ಕೂದಲು ಬಂದದ್ದೇ ಅಡ್ಡಪರಿಣಾಮವಾಗಿ! ಅಡ್ಡಪರಿಣಾಮವೇ ಇಲ್ಲ ಎಂದು ಎದೆ ತಟ್ಟಿಕೊಳ್ಳುವ ಪುಡಿಗಳು ಈ ಸಂಗತಿಯನ್ನು ಸ್ವಲ್ಪ ತಲೆಗೆ ಹಚ್ಚಿಕೊಂಡರೆ ಒಳ್ಳೆಯದು.

ಆ ಹೇಳಿಕೆ ನಿಜವೂ ಅಲ್ಲ. ಜಿ-6-ಪಿಡಿ ಎಂಬ ಕಿಣ್ವದ ಕೊರತೆಯಿರುವ ಮಕ್ಕಳಿಗೆ ಅಪ್ಪಟ ಮದರಂಗಿಯ ಲೇಪವೂ ರಕ್ತಕಣಗಳನ್ನು ಒಡೆದು ಅಪಾಯ ತರಬಲ್ಲದು. ಇನ್ನು 'ಕಪ್ಪು ಮೆಹಂದಿ'ಯದು ಬೇರೆಯೇ ಕಥೆ. ಮದರಂಗಿ ಎಲೆಗೆ ಕಪ್ಪು ಬಣ್ಣ ಗೊತ್ತೇ ಇಲ್ಲ. ಅದರ ಮೇಲೆ ನೀಲಿ ಗಿಡದ ಪುಡಿ ಹಚ್ಚಿ ತಾಸುಗಟ್ಟಲೆ ಕಾದರೆ ಕಪ್ಪಿನ ಹತ್ತಿರಕ್ಕೆ ಬರುತ್ತದೆ. ಹತ್ತೇ ನಿಮಿಷದಲ್ಲಿ ಕಾಗೆಗಪ್ಪು ಕೊಡುವ ಪೊಟ್ಟಣದ ಮುಂಭಾಗದಲ್ಲಿ ಹಸಿರು ಎಲೆಯ ಚಿತ್ರವಿರುತ್ತದೆ, ಒಳಗೆ ಸಾಮಾನ್ಯವಾಗಿ ಪ್ಯಾರಾಫಿನಿಲೀನ್‌ಡಯಮೀನ್ ಎಂಬ ರಾಸಾಯನಿಕ ಇರುತ್ತದೆ. ಕೃತಕ ಹೇರ್‌ಡೈಗಳಲ್ಲಿ ಇರುವುದೂ ಇದೇ, ಯಾರನ್ನು ಬಿಟ್ಟು ಓಡಿಬಂದೆವೋ ಅವರೇ ವೇಷ ಹಾಕಿಕೊಂಡು ಬಂದಿದ್ದಾರೆ. ಒಗ್ಗದವರಿಗೆ ಹಣೆ ಊದಿ, ಕಣ್ಣು ಮುಚ್ಚಿ, ನೆತ್ತಿಯಲ್ಲಿ ನೀರುಗುಳ್ಳೆ ಏಳುತ್ತದೆ, ಆ ಅಲರ್ಜಿ ಒಮ್ಮೆ ಅಂಟಿಕೊಂಡರೆ ಸಾಮಾನ್ಯವಾಗಿ ಜೀವನಪರ್ಯಂತ ಬಿಡುವುದಿಲ್ಲ.

ಚೂರು ಲೇಪವನ್ನು ಕಿವಿಯ ಹಿಂದೆ ಹಚ್ಚಿ 48 ಗಂಟೆ ಕಾದು ನೋಡಿ ಎಂದು ಪೊಟ್ಟಣದ ಹಿಂಭಾಗದಲ್ಲಿ ಇರುವೆಯಷ್ಟು ದೊಡ್ಡ ಅಕ್ಷರದಲ್ಲಿ ಬರೆದಿರುತ್ತದೆ. ಕೂದಲಿಗಾಗಿ ಆರು ತಿಂಗಳು ಕಾಯಲು ಸಿದ್ಧವಿರುವವರಿಗೆ ಎರಡು ದಿನ ಕಾಯಲು ಪುರಸೊತ್ತಿಲ್ಲ. ಸಮಾರಂಭ ನಾಳೆಯೇ ಇದೆಯಲ್ಲ.