ಕೆಂಪು ನೆಲದ ಪಂಚಾಯ್ತಿ

ಹಾಲ್‌ನ ಟೈಲ್ಸ್ ಕೀಳುತ್ತಿದ್ದ ಮೇಸ್ತ್ರಿ ಸುತ್ತಿಗೆ ನಿಲ್ಲಿಸಿ, "ಅಮ್ಮಾ, ಒಂದ್ನಿಮಿಷ ಬನ್ನಿ ಇಲ್ಲಿ" ಎಂದು ಕೂಗಿದ. ಪೈಪ್ ಒಡೆದೇಹೋಯ್ತು ಎಂದುಕೊಂಡು ಓಡಿದೆ. ಪೈಪ್ ನೆಟ್ಟಗಿತ್ತು. ಬಿಳಿ ಟೈಲಿನ ಕೆಳಗೆ, ಅದರ ಗಾರೆಯ ಕೆಳಗೆ, ಅಂಗೈಯಗಲದ ಕೆಂಪು ನೆಲ ಇಷ್ಟು ವರ್ಷದ ಮೇಲೆ ಬೆಳಕು ಕಂಡು ನಮ್ಮನ್ನೇ ದಿಟ್ಟಿಸುತ್ತಿತ್ತು.

"ವಾವ್ ಆಂಟಿ! ಒರಿಜಿನಲ್ ರೆಡ್ ಆಕ್ಸೈಡ್!" ಎಂದಳು ನಮ್ಮ ಡಿಸೈನರ್ ಹುಡುಗಿ. ಹಿಂದಿನ ವಾರವಷ್ಟೇ ಅವಳು ಲ್ಯಾಪ್‌ಟಾಪ್‌ನಲ್ಲಿ ತೋರಿಸಿದ್ದ ಪ್ಲಾನಿನಲ್ಲಿ ಹಾಲ್‌ಗೆ ಅದೇ ರೆಡ್ ಆಕ್ಸೈಡ್ ಇತ್ತು. ಅದರ ಮುಂದಿದ್ದ ಮೊತ್ತ ನೋಡಿ ನಮ್ಮ ಯಜಮಾನರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ನೋಡಿದ್ದರು. ಸೊನ್ನೆ ಒಂದೂ ಕಮ್ಮಿಯಾಗಿರಲಿಲ್ಲ.

"ಹಾಗಾದ್ರೆ ಇದನ್ನೇ ಉಳಿಸ್ಕೋಬಹುದಲ್ಲಮ್ಮಾ?" ಎಂದರು ಇವರು ಆಸೆಯಿಂದ.

ಅದಕ್ಕೆ ದಾರಿಯಿರಲಿಲ್ಲ. 2004ರಲ್ಲಿ ಟೈಲ್ಸ್ ಹಾಕಿಸುವಾಗ ಗಾರೆ ಚೆನ್ನಾಗಿ ಕಚ್ಚಿಕೊಳ್ಳಲಿ ಅಂತ ಆ ನುಣ್ಣನೆ ನೆಲವನ್ನು ಉದ್ದಗಲಕ್ಕೂ ಉಳಿಯಿಂದ ಕೊಚ್ಚಿಸಿದ್ದೆವು. ಕೊಚ್ಚಿದ್ದಕ್ಕೆ ಬೇರೆ ಕೂಲಿ ಕೊಟ್ಟಿದ್ದೆವು. ಈಗ ಅದು ಸಿಡುಬೆದ್ದ ಮುಖದ ಹಾಗೆ ಕಾಣುತ್ತಿತ್ತು.

ಮಾವನವರು 1968ರಲ್ಲಿ ಹನುಮಂತನಗರದಲ್ಲಿ ಕಟ್ಟಿಸಿದ ಮನೆ ಇದು. ಮೂವತ್ತು ನಲವತ್ತರ ಸೈಟು, ಮುಂದೊಂದು ಜಗಲಿ, ಒಳಗೆ ಕನ್ನಡಿಯಂಥ ಕೆಂಪು ನೆಲ. ಅತ್ತೆ ಅದನ್ನು ಕೊಬ್ಬರಿ ಎಣ್ಣೆ ಸವರಿದ ಬಟ್ಟೆಯಲ್ಲಿ ಒರೆಸುತ್ತಿದ್ದರು. ಆಮೇಲೆ ನಮಗೆ ಸ್ಟೈಲು ಬಂತು. ನೆಲಕ್ಕೆ ಟೈಲ್ಸ್ ಹಾಕಿದೆವು, ಜಗಲಿ ಒಡೆದು ಕಾರು ನಿಲ್ಲಿಸಿದೆವು.

"ಅವತ್ತೇ ಬೇಡ ಅಂತ ಬಡ್ಕೊಂಡೆ. ನನ್ ಮಾತು ಯಾರು ಕೇಳ್ತೀರಿ?" ಎಂದರು ಅತ್ತೆ. ಅವತ್ತು "ಎದುರುಮನೆಯವರು ಹಾಕ್ಸಿದಾರೆ, ನಮಗೇನು ದಾಡಿ?" ಎಂದವರು ಅತ್ತೆಯೇ. ಆದರೆ ಮನೆ ಕೆಲಸ ನಡೆಯುವಾಗ ಒಂದೇ ರೂಮಿನಲ್ಲಿ ಐದು ಜನ ಮಲಗಬೇಕು. ನಾನು ಬಾಯಿ ಬಿಡಲಿಲ್ಲ.

ಕೆಂಪು ನೆಲ ಎಳೆಯುವವರು ಈಗ ಹುಡುಕಿದರೂ ಸಿಗುವುದಿಲ್ಲ. ಮೂರು ವಾರ ಅಲೆದಮೇಲೆ ಎಪ್ಪತ್ತು ದಾಟಿದ ಒಬ್ಬರು ಮೇಸ್ತ್ರಿ ಸಿಕ್ಕರು. ಬಂದವರೇ ಷರತ್ತು ಹಾಕಿದರು: ಫ್ಯಾನ್ ಹಾಕಬಾರದು, ಕಿಟಕಿ ತೆಗೆಯಬಾರದು, ನಡುವೆ ಯಾರೂ ಕರೆಯಬಾರದು. ಸಿಮೆಂಟಿಗೆ ಕೆಂಪು ಪುಡಿ ಬೆರೆಸಿ, ಹಸಿ ಗಾರೆಯ ಮೇಲೆ ತೆಳ್ಳಗೆ ಎಳೆದು, ಕರಣೆಯಲ್ಲಿ ಉಜ್ಜುತ್ತಾ ಹಿಂದಕ್ಕೆ ಸರಿಯಬೇಕು. ಒಂದು ಕೋಣೆ ಹಿಡಿದರೆ ಮುಗಿಸಿಯೇ ಏಳಬೇಕು. ಮಧ್ಯೆ ಕಾಫಿಗೆ ಎದ್ದರೆ ಆ ಕಾಫಿಯ ಗೆರೆ ಆಯುಷ್ಯಪೂರ್ತಿ ನೆಲದಲ್ಲಿ ಕಾಣುತ್ತದಂತೆ. ಬೆಳಗ್ಗೆ ಏಳಕ್ಕೆ ಕೂತವರು ಸಂಜೆ ಬಾಗಿಲ ಹೊಸ್ತಿಲಿಗೆ ಬಂದು ಎದ್ದರು. ನಾನು ನೋಡುತ್ತಾ ನಿಂತೇಬಿಟ್ಟಿದ್ದೆ. ಆ ಕರಣೆಯ ಸದ್ದು, ದೋಸೆ ಕಾವಲಿಯ ಮೇಲೆ ಸಟ್ಟುಗ ಆಡಿದ ಹಾಗೆ, ಈಗಲೂ ಕಿವಿಯಲ್ಲಿದೆ.

"ನಾಳೆಯಿಂದ ಏಳು ದಿನ ನೀರು ಕಟ್ಟಿ. ಅಲ್ಲೀವರ್ಗೂ ನೊಣ ಕೂತ್ರೂ ಓಡ್ಸಿ" ಎಂದು ಹೇಳಿ ಹೋದರು.

ನೊಣ ಬರಲಿಲ್ಲ. ಮಾರನೇ ಬೆಳಗ್ಗೆ ನಾವೆಲ್ಲ ಮೇಲಿನ ರೂಮಿನಲ್ಲಿ ಕಾಫಿ ಕುಡಿಯುತ್ತಿದ್ದಾಗ ಗ್ಯಾಸಿನ ಹುಡುಗ ಬಂದ. ಬಾಗಿಲು ತೆಗೆದಿತ್ತು. ನೆಲ ಫಳಫಳ ಹೊಳೆಯುತ್ತಿತ್ತು. ಹದಿನಾಲ್ಕು ಚಿಲ್ಲರೆ ಕೆಜಿ ಗ್ಯಾಸು, ಅದನ್ನು ಹೊತ್ತ ಕಬ್ಬಿಣದ್ದು ಇನ್ನೂ ಅಷ್ಟು. ಸಿಲಿಂಡರನ್ನು ಓರೆ ಮಾಡಿ, ಅಂಚಿನ ಮೇಲೆ ಗರಗರ ಉರುಳಿಸುತ್ತಾ, ಹೊಸ್ತಿಲಿನಿಂದ ಅಡುಗೆಮನೆವರೆಗೆ ಕೊಂಡುಹೋಗಿ ನಿಲ್ಲಿಸಿ, "ಮೇಡಂ, ಗ್ಯಾಸ್!" ಎಂದ.

ಇಳಿದು ಬಂದು ನೋಡಿದರೆ ಹಾಲ್‌ನ ಉದ್ದಕ್ಕೂ ಹಾವು ಹರಿದಂಥ ಗೆರೆ. ಸೋಫಾ ಬರಬೇಕಾದ ಜಾಗದಲ್ಲಿ ಅವನು ಕೈ ಬದಲಾಯಿಸಿದ್ದನೇನೋ, ಅಲ್ಲೊಂದು ಪೂರ್ತಿ ಸುತ್ತು.

"ಒರ್ಸಿದ ನೆಲ ಅಂದ್ಕೊಂಡೆ ಮೇಡಂ. ಅದ್ಕೇ ಚಪ್ಲಿ ಹೊರಗೇ ಬಿಟ್ಟೆ" ಎಂದ ಹುಡುಗ. ಅಂಥ ಸಂಸ್ಕಾರವಂತನನ್ನು ಏನಂತ ಬಯ್ಯುವುದು? ಅವನ ಹೆಜ್ಜೆಗಳೂ ಗೆರೆಯ ಪಕ್ಕದಲ್ಲೇ ಗೋಕುಲಾಷ್ಟಮಿಯ ಕೃಷ್ಣನ ಪಾದದಂತೆ ಮೂಡಿದ್ದವು.

ಮೇಸ್ತ್ರಿ ಬಂದು ನೋಡಿದರು. ಹೆಜ್ಜೆಗಳನ್ನು ಉಜ್ಜಿ ಮುಚ್ಚಬಹುದಂತೆ, ಗೆರೆ ಆಳ ಹೋಗಿದೆಯಂತೆ. ಸರಿ ಮಾಡಬೇಕೆಂದರೆ ಇಡೀ ಹಾಲ್ ಮತ್ತೆ ಕಿತ್ತು ಎಳೆಯಬೇಕಂತೆ. ಇವರು ಗೋಡೆ ಹಿಡಿದುಕೊಂಡರು. ಡಿಸೈನರ್ ಮಾತ್ರ ಬಗ್ಗಿ, ತಲೆ ಓರೆ ಮಾಡಿ ನೋಡಿ, "ಅಂಕಲ್, ಇದಕ್ಕೊಂದು ಕ್ಯಾರೆಕ್ಟರ್ ಇದೆ. ಹೀಗೇ ಬಿಡೋಣ" ಎಂದಳು. ಬಿಟ್ಟೆವು.

ಓಪನ್ ಕಿಚನ್ ವಿಷಯ ಜಾಸ್ತಿ ಹೇಳುವುದಿಲ್ಲ. ಗೋಡೆ ತೆಗೆದ ಮೊದಲ ದಿನ ಇಂಗು, ಒಣಮೆಣಸಿನಕಾಯಿ ಒಗ್ಗರಣೆ ಕೊಟ್ಟೆ. ಸೋಫಾದಲ್ಲಿ ಕೂತು ನ್ಯೂಸ್ ನೋಡುತ್ತಿದ್ದವರೆಲ್ಲ ಕೆಮ್ಮುತ್ತಾ ಬೀದಿಗೆ ಬಂದರು. ಕೂತವರಿಗೆಲ್ಲ ನನ್ನ ಸಿಂಕಿನ ಪಾತ್ರೆ ರಾಶಿ ಕಾಣುತ್ತದೆ ಎನ್ನುವುದು ಎರಡನೇ ದಿನ ಗೊತ್ತಾಯಿತು. ಈಗ ಅಲ್ಲೊಂದು ಪರದೆ ಇದೆ. ಗೋಡೆಗಿಂತ ದುಬಾರಿ ಪರದೆ.

ಇಷ್ಟಾದರೂ ಬುದ್ಧಿ ಬರದೆ ನಾವು ತಾರಸಿಗೆ ಹತ್ತಿದೆವು. ಅಲ್ಲಿ ಸಿಟ್‌ಔಟ್ ಬೇಕೆಂದು ಮಗಳ ಹಟ. ಒಂದು ಸಣ್ಣ ಮಂಟಪ, ಬೆತ್ತದ ಉಯ್ಯಾಲೆ, ನೆಲಕ್ಕೆ ಪ್ಲಾಸ್ಟಿಕ್ ಹುಲ್ಲು. ಮಂಟಪಕ್ಕೆ ಮಂಗಳೂರು ಹೆಂಚೇ ಆಗಬೇಕು, ಅದೂ ಹಳೇದೇ ಆಗಬೇಕು. 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ ಕಥೆಯನ್ನೆಲ್ಲ ಹೇಳಿಯೇ ಅಂಗಡಿಯವನು ರೇಟು ಹೇಳಿದ್ದು. ಪಾಚಿ ಇದ್ದದ್ದಕ್ಕೆ ಇನ್ನೂ ಜಾಸ್ತಿ.

ಅತ್ತೆಯ ತವರು ತೀರ್ಥಹಳ್ಳಿ ಕಡೆ. ರೇಟು ಕೇಳಿ ಅವರು ಮೆಟ್ಟಿಲ ಮೇಲೇ ಕೂತರು. "ನಮ್ಮಪ್ಪನ ಮನೆಗೆ ಆರ್‌ಸಿಸಿ ಹಾಕಿದಾಗ ಹೆಂಚೆಲ್ಲ ಇಳ್ಸಿ ಕೊಟ್ಟಿಗೆಗೆ ಹೊದಿಸಿದ್ರು ಕಣೇ. ಮಿಕ್ಕಿದ್ದನ್ನ ಕುಟ್ಟಿ ಪುಡಿ ಮಾಡಿ ಪಾತ್ರೆ ತಿಕ್ಕಿದ್ವಿ. ಅಯ್ಯೋ, ಎಷ್ಟು ಸಾವಿರ ತಿಕ್ಕಿಬಿಟ್ನೋ!"

ಪ್ಲಾಸ್ಟಿಕ್ ಹುಲ್ಲಿನ ಮೇಲೆ ಸಂಜೆ ಆರರವರೆಗೆ ಕಾಲಿಡುವ ಹಾಗಿರಲಿಲ್ಲ, ಕೆಂಡ. ಇದನ್ನು ಮೊದಲು ಪತ್ತೆ ಮಾಡಿದವರು ಅತ್ತೆಯೇ. ಏಪ್ರಿಲ್‌ನಲ್ಲಿ ಪ್ಲಾಸ್ಟಿಕ್ ಹಾಳೆ ಸಿಗಲಿಲ್ಲವೆಂದು ಅರಳು ಸಂಡಿಗೆಯನ್ನು ನೇರ ಹುಲ್ಲಿನ ಮೇಲೇ ಇಟ್ಟರು. ಮೂರು ದಿನದ ಸಂಡಿಗೆ ಒಂದೂವರೆ ದಿನಕ್ಕೆ ಗರಿಗರಿ. ಕೀಳುವಾಗ ಮಾತ್ರ ಒಂದೊಂದಕ್ಕೂ ನಾಲ್ಕೈದು ಹಸಿರು ಎಳೆ ಅಂಟಿಕೊಂಡು ಬಂತು. "ಕೊತ್ತಂಬರಿ ಹಾಕಿದೀಯಾ ಅಮ್ಮಾ?" ಎಂದು ಬಾಯಿಗಿಟ್ಟುಕೊಳ್ಳಲು ಹೋದ ನಮ್ಮ ನಾದಿನಿಯನ್ನು ತಡೆದವಳು ನಾನೇ.

ಮೇ ತಿಂಗಳಲ್ಲಿ ಮಳೆ ಹೊಡೆಯಿತು. ತಾರಸಿಗೆ ಮಾವನವರು ಕೊಡಿಸಿದ್ದ ವಾಟ ಎಂಥದೆಂದರೆ ಕೊನೆಯ ಹನಿಯೂ ತಾನಾಗಿ ಮೂಲೆಯ ಪೈಪಿಗೆ ಹೋಗುತ್ತಿತ್ತು. ಮಂಟಪದ ಕಂಬವನ್ನು ಸರಿಯಾಗಿ ಆ ಪೈಪಿನ ಬಾಯಿಗೇ ನೆಟ್ಟಿದ್ದರು. ನೀರು ಹುಲ್ಲಿನಡಿ ನಿಂತು, ಎಲ್ಲೋ ದಾರಿ ಮಾಡಿಕೊಂಡು, ಮೇಲಿನ ರೂಮಿನ ಹೊಸ ಫಾಲ್ಸ್ ಸೀಲಿಂಗ್ ಒಳಗೆ ಸೇರಿಕೊಂಡಿತು. ಬೆಳಗಾಗುವಾಗ ಸೀಲಿಂಗು ಗಬ್ಬದ ಎಮ್ಮೆಯ ಹೊಟ್ಟೆಯ ಹಾಗೆ ಇಳಿಬಿದ್ದಿತ್ತು.

"ಏನಿಲ್ಲ, ಗಾಳಿ ತುಂಬ್ಕೊಂಡಿದೆ" ಎಂದು ಇವರು ಪೊರಕೆಯ ಹಿಡಿಯಿಂದ ತಿವಿದರು.

"ರೀ, ಬೇಡ!" ಎನ್ನುವುದರೊಳಗೆ ಎಮ್ಮೆ ಹೆತ್ತಿತು.

ಈಗ ಕಂಬ ಜರುಗಿದೆ. ಹುಲ್ಲು ಸುತ್ತಿಟ್ಟಿದ್ದೇವೆ. ಉಯ್ಯಾಲೆಯ ಮೇಲೆ ಒಗೆದ ಬಟ್ಟೆ ಒಣಗುತ್ತದೆ. ಸಂಜೆಯಾದರೆ ಅತ್ತೆ ಕಾರು ಹೊರಗೆ ತೆಗೆಸಿ, ಹಿಂದೆ ಜಗಲಿ ಇದ್ದ ಜಾಗದಲ್ಲೇ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಎದುರುಮನೆ ಅಜ್ಜಿಯ ಜೊತೆ ಸೊಪ್ಪು ಬಿಡಿಸುತ್ತಾರೆ. ಎದುರುಮನೆಯಲ್ಲೂ ಟೈಲ್ಸ್ ಕೀಳಿಸುವ ಮಾತು ನಡೆದಿದೆಯಂತೆ.

ಮೊನ್ನೆ ಅಕ್ಕನ ಮಗಳು ಬಂದಿದ್ದಳು. ವೈಟ್‌ಫೀಲ್ಡ್ ಕಡೆ ಹೊಸ ಫ್ಲ್ಯಾಟ್ ತೆಗೆದುಕೊಂಡಿದ್ದಾಳೆ, ಇಂಟೀರಿಯರ್ ಮಾಡಿಸಬೇಕು. ಹಾಲ್‌ಗೆ ಕಾಲಿಟ್ಟವಳೇ ನೆಲದ ಮೇಲಿನ ಗೆರೆ ನೋಡಿ ಅಲ್ಲೇ ಕೂತಳು. ಬೆರಳಿನಿಂದ ಆ ಸುತ್ತನ್ನು ಸವರಿ, ನಾಲ್ಕು ಕಡೆಯಿಂದ ಫೋಟೋ ತೆಗೆದು, "ಚಿಕ್ಕಮ್ಮಾ, ಎಷ್ಟು ಸಟ್ಲ್ ಆಗಿದೆ! ಯಾರು ಮಾಡಿದ್ದು ಇದು?" ಎಂದಳು.

"ನಮ್ಮ ಗ್ಯಾಸಿನ ಹುಡುಗ" ಎಂದೆ.

"ಫೋನ್ ನಂಬರ್ ಇದ್ಯಾ?"

"ಬುಕ್ ಮಾಡಮ್ಮ," ಎಂದರು ಒಳಗಿಂದ ಅತ್ತೆ, "ಎರಡು ದಿನಕ್ಕೆ ಬರ್ತಾನೆ."