ಡಿಲೀಟ್ ಆಗಿದ್ದ ಬಾಮೈದ

ಮಂಡ್ಯದ ನಮ್ಮ ಬೆಲ್ಲದ ಮಂಡಿಯ ಲೆಕ್ಕವೆಲ್ಲ ಇದ್ದದ್ದು ಫಾಕ್ಸ್‌ಪ್ರೋ ಅನ್ನೋ ಹಳೇ ಡೇಟಾಬೇಸ್ ಸಾಫ್ಟ್‌ವೇರ್‌ನಲ್ಲಿ. ಮೈಕ್ರೋಸಾಫ್ಟ್‌ನವರು 2015ರಲ್ಲೇ ಅದಕ್ಕೆ ಎಳ್ಳುನೀರು ಬಿಟ್ಟಿದ್ದರು. ನಮ್ಮ ಯಜಮಾನರು ಬಿಟ್ಟಿರಲಿಲ್ಲ. ಹಳೇ ಕಂಪ್ಯೂಟರ್ ಗೊರಗೊರ ಅನ್ನೋಕೆ ಶುರು ಮಾಡಿದ ಮೇಲೆ ಮೈಸೂರಿನಿಂದ ಒಬ್ಬ ಹುಡುಗ ಬಂದ. ಎಲ್ಲವನ್ನೂ ಪೋಸ್ಟ್‌ಗ್ರೆಸ್ ಅನ್ನೋ ಇನ್ನೊಂದು ಡೇಟಾಬೇಸ್‌ಗೆ ಸಾಗಿಸಬೇಕು. "ಸಂಜೆಯೊಳಗೆ ಆಗುತ್ತೆ ಸರ್" ಅಂದ. ಯಾವ ಸಂಜೆ ಅಂತ ಹೇಳಲಿಲ್ಲ.

ಮೊದಲ ತಕರಾರು ಹೆಸರಿನದು. ಹಳೇದರಲ್ಲಿ ಮೊದಲ ಎರಡಕ್ಷರ ಹೊಡೆದರೆ ಸಾಕು, ಪಾರ್ಟಿ ಹಾಜರ್. ಹೊಸದಕ್ಕೆ ಇನಿಷಿಯಲ್, ಚುಕ್ಕಿ ಸಮೇತ ಪೂರ್ತಿ ಹೆಸರು ಬೇಕು. ಮಂಡ್ಯದಲ್ಲಿ ಶಿವಲಿಂಗೇಗೌಡರುಗಳ ಇನಿಷಿಯಲ್ ನೆನಪಿಟ್ಟುಕೊಳ್ಳೋದು ಅಂದ್ರೆ ಸುಮ್ನೆ ಮಾತಾ?

ಆಮೇಲೆ ತಾರೀಖು. ಆಲೆಮನೆಯವರಿಗೆ ಮುಂಗಡ ಕೊಟ್ಟಾಗ ತಾರೀಖಿನ ಜಾಗ ಖಾಲಿ ಬಿಟ್ಟರೂ ಫಾಕ್ಸ್‌ಪ್ರೋ ತಲೆ ಕೆಡಿಸಿಕೊಳ್ಳುವುದಿಲ್ಲ. ಸಾಗಿಸುವಾಗ ಆ ಖಾಲಿಗಳೆಲ್ಲ 30-12-1899 ಆಗಿಬಿಟ್ಟವು. ಶಿವನಸಮುದ್ರದಲ್ಲಿ ಕರೆಂಟ್ ಹುಟ್ಟಿದ್ದೇ 1902ರಲ್ಲಿ. ಅದಕ್ಕೂ ಮುಂಚಿನಿಂದ ಬಡ್ಡಿ ಹಾಕಿ ಎಲ್ಲರಿಗೂ ಮೆಸೇಜ್ ಹೋಯಿತು. ಪಾಂಡವಪುರದ ಕಡೆಯವರೊಬ್ಬರು ಫೋನ್ ಮಾಡಿದರು. "ಅಲ್ಲ ಕಣಯ್ಯ, ಆಗ ಕನ್ನಂಬಾಡಿ ಕಟ್ಟೇನೇ ಇರ್ಲಿಲ್ಲ. ಯಾವ ನೀರಲ್ಲಿ ಕಬ್ಬು ಬೆಳೀತಾನೆ ಅಂತ ನಮ್ಮಜ್ಜಂಗೆ ಸಾಲ ಕೊಟ್ರಿ?" ನ್ಯಾಯವಾದ ಪ್ರಶ್ನೆಯೇ.

ಇದೆಲ್ಲಕ್ಕಿಂತ ಮಜಾ ಅಂದ್ರೆ, ಎಂದೋ ಅಳಿಸಿದ ಖಾತೆಗಳೆಲ್ಲ ಎದ್ದು ಕೂತಿದ್ದವು. ಅದರಲ್ಲಿ ಸ್ವರ್ಗ ಸೇರಿದವರೂ ಇದ್ದರು. ಫಾಕ್ಸ್‌ಪ್ರೋದಲ್ಲಿ ಡಿಲೀಟ್ ಅಂದ್ರೆ ಬೇಡದ ಸಾಮಾನು ಅಟ್ಟಕ್ಕೆ ಹಾಕಿದ ಹಾಗೆ. ಆ ಸಾಲಿಗೆ ಒಂದು ಗುರುತು ಬೀಳುತ್ತದೆ, ಕಣ್ಣಿಗೆ ಕಾಣುವುದಿಲ್ಲ, ಅಷ್ಟೇ. ಪ್ಯಾಕ್ ಅಂತ ಕಮಾಂಡ್ ಕೊಟ್ಟರೆ ಮಾತ್ರ ನಿಜವಾಗಿ ಹೋಗುತ್ತದೆ. ನಮ್ಮ ಮಂಡಿಯಲ್ಲಿ ಯಾರೂ ಕೊಟ್ಟಿರಲಿಲ್ಲ. ಹುಡುಗನ ಪ್ರೋಗ್ರಾಂ ಗುರುತು ನೋಡದೆ ಎಲ್ಲರನ್ನೂ ಹೊತ್ತು ತಂದಿತ್ತು.

ಯಜಮಾನರು ಕನ್ನಡಕ ಏರಿಸಿಕೊಂಡು ಪಟ್ಟಿಯ ಮೇಲೆ ಬೆರಳಾಡಿಸುತ್ತಾ ಬಂದರು. ಒಂದು ಕಡೆ ಬೆರಳು ನಿಂತಿತು. ಸ್ವಂತ ಬಾಮೈದನ ಖಾತೆ! ಹಿಂದೆ ಇದೇ ಗಲ್ಲಾಪೆಟ್ಟಿಗೆ ಮುಂದೆ ಕೂತು ಲೆಕ್ಕ ನೋಡುತ್ತಿದ್ದ ಪುಣ್ಯಾತ್ಮ. ನಲವತ್ತು ಸಾವಿರ ಬಾಕಿ. ಡಿಲೀಟ್.

ಹುಡುಗ ಬೆವರಿದ. "ಸಾರಿ ಸರ್, ಇವನ್ನೆಲ್ಲ ಈಗಲೇ ತೆಗೆದುಬಿಡ್ತೀನಿ."

"ತೆಗೆದೀಯ, ಜೋಕೆ! ಮೊದ್ಲು ಪ್ರಿಂಟ್ ಕೊಡು."

ಉಳಿದವರ ತಾರೀಖೆಲ್ಲ ಈಗ ಸರಿಯಾಗಿದೆ. ಬಾಮೈದನಿಗೆ ಮಾತ್ರ ಬಡ್ಡಿ 1899ರಿಂದಲೇ ಇರಲಿ ಅಂತ ಅಪ್ಪಣೆಯಾಗಿದೆ.