ಮೀಟರ್ ಇಟ್ಟು ನೋಡದೆ ‘ಹೋಯ್ತು’ ಅನ್ನಬೇಡಿ

ನಮ್ಮ ಅಡುಗೆಮನೆ ಕಪಾಟಿನೊಳಗೆ ಕೂರಿಸಿರುವ ಎಲೆಕ್ಟ್ರಿಕ್ ಓವನ್‌ಗೆ 9 ವರ್ಷ. ಹೋದ ತಿಂಗಳು ಕೇಕ್ ಮೇಲೆ ಚೆನ್ನಾಗಿ ಕೆಂಪಗಾಗಿತ್ತು, ತಳ ಮಾತ್ರ ಹಸಿ ಹಿಟ್ಟು. ಎರಡನೇ ಸಲವೂ ಹಾಗೇ. ಸರ್ವಿಸ್‌ನವರನ್ನು ಕರೆಸಿದೆ. ಬಂದ ಹುಡುಗ ಗುಂಡಿ ತಿರುಗಿಸಿ ನೋಡಿದ. “ಹಳೇ ಮಾಡೆಲ್ ಮೇಡಂ, ಪಾರ್ಟ್ ಸಿಗಲ್ಲ, ಹೊಸದು ತಗೊಳ್ಳಿ” ಅಂದ. ಒಂದು ಸ್ಕ್ರೂ ಕೂಡ ಬಿಚ್ಚಲಿಲ್ಲ. ವಿಸಿಟ್ ಚಾರ್ಜ್ 500 ರೂಪಾಯಿ.

ದುಡ್ಡಿಗಿಂತ ಆ ಮಾತಿಗೇ ಬೇಜಾರಾಯಿತು. ದೀಪ ಉರಿಯುತ್ತಿತ್ತು, ಫ್ಯಾನ್ ತಿರುಗುತ್ತಿತ್ತು, ಮೇಲಿನ ಕಾಯಿಲ್ ಕಾಯುತ್ತಿತ್ತು. ಇಷ್ಟೆಲ್ಲ ಸರಿಯಿರುವುದನ್ನು ಗುಜರಿಗೆ ಹಾಕಿ ಅನ್ನುವುದು ತಪ್ಪು ಅಲ್ವಾ?

ನಮ್ಮ ಬೀದಿಯ ಎಲೆಕ್ಟ್ರಿಷಿಯನ್‌ಗೆ ಹೇಳಿದೆ. “ಅಕ್ಕಾ, ಮೀಟರ್ ಇಟ್ಟು ನೋಡೋಣ, ಆಮೇಲೆ ಮಾತು” ಅಂದರು. ಮೀಟರ್ ಅಂದರೆ ವೋಲ್ಟ್, ಓಮ್ ಎಲ್ಲ ಅಳೆಯುವ ಕೈಯಲ್ಲಿ ಹಿಡಿಯುವ ಮಲ್ಟಿಮೀಟರ್. ಮೊದಲು ಬೋರ್ಡಿನಲ್ಲಿ ಎಂಸಿಬಿ ಸ್ವಿಚ್ ಇಳಿಸಿ ಕರೆಂಟ್ ತೆಗೆದರು. ಬಾಗಿಲ ಪಕ್ಕದ ಸ್ಕ್ರೂ ಬಿಚ್ಚಿ, ಇಬ್ಬರೂ ಹಿಡಿದು ಓವನ್ ಹೊರಗೆಳೆದೆವು. ಒಬ್ಬರೇ ಎಳೆಯಲು ಹೋಗಬೇಡಿ, ತುಂಬಾ ಭಾರ. ಹಿಂದಿನ ತಗಡು ತೆಗೆದು, ಕರೆಂಟ್ ಇಲ್ಲ ಅಂತ ಇನ್ನೊಮ್ಮೆ ಮೀಟರ್‌ನಲ್ಲೇ ನೋಡಿಕೊಂಡರು.

ಲೆಕ್ಕ ಸುಲಭ. ಮನೆಯ ಕರೆಂಟ್ 230 ವೋಲ್ಟ್. ಆ 230ನ್ನು 230ರಿಂದಲೇ ಗುಣಿಸಿ, ಕಾಯಿಲ್‌ನ ವ್ಯಾಟ್‌ನಿಂದ ಭಾಗಿಸಿದರೆ ಅದರ ರೆಸಿಸ್ಟೆನ್ಸ್ ಎಷ್ಟು ಓಮ್ ಇರಬೇಕು ಅಂತ ಗೊತ್ತಾಗುತ್ತದೆ. ಮೇಲಿನ ಕಾಯಿಲ್ 1100 ವ್ಯಾಟ್, ಹತ್ತಿರ ಹತ್ತಿರ 48 ಓಮ್. ವೈರ್ ಕಳಚಿ ಅಳೆದಾಗ 47 ಬಂತು. ಕೆಳಗಿನದು 1200 ವ್ಯಾಟ್, 44 ಬರಬೇಕಿತ್ತು. ಮೀಟರ್‌ನಲ್ಲಿ ಬಂದಿದ್ದು ‘ಓಎಲ್’. ಅಂದರೆ ಕರೆಂಟ್ ಹರಿಯಲು ದಾರಿಯೇ ಇಲ್ಲ, ಒಳಗಿನ ತಂತಿ ತುಂಡಾಗಿದೆ. ಹುಡುಕುವ ಕೆಲಸ ಅಷ್ಟಕ್ಕೇ ಮುಗಿಯಿತು.

ಆದರೆ ಅವರು ಅಲ್ಲಿಗೇ ಬಿಡಲಿಲ್ಲ. ವೈರನ್ನು ಕಾಯಿಲ್ ತುದಿಗೆ ಸಿಕ್ಕಿಸುವ ಲೋಹದ ಲಗ್ ಸುಟ್ಟು ಕಪ್ಪಾಗಿತ್ತು. ಲಗ್ ಸಡಿಲವಾದರೆ ಅಲ್ಲೇ ಬಿಸಿ ಏರಿ ಸುಡುತ್ತದೆ, ಅದನ್ನು ಹಾಗೇ ಬಿಟ್ಟರೆ ಹೊಸ ಕಾಯಿಲ್‌ಗೂ ತೊಂದರೆ. ಮನೆಯ ಮಾಮೂಲಿ ವೈರ್‌ನ ಪಿವಿಸಿ ಹೊದಿಕೆ ಆ ಬಿಸಿಗೆ ಕರಗುತ್ತದೆ ಅಂತ ಸಿಲಿಕೋನ್ ವೈರ್ ಹಾಕಿ, ಲಗ್ಗನ್ನು ಬಿಗಿಯಾಗಿ ಒತ್ತಿದರು.

ಹಳೇ ಕಾಯಿಲನ್ನೇ ಚೀಲದಲ್ಲಿ ಹಾಕಿಕೊಂಡು ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗಿದ್ದೆ. ಮೂರನೇ ಅಂಗಡಿಯಲ್ಲಿ ಅದೇ ಅಳತೆಯದು ಸಿಕ್ಕಿತು, 900 ರೂಪಾಯಿ. ಕೂರಿಸಿದ ಮೇಲೆ ಕಾಯಿಲ್ ತುದಿಗೂ ಓವನ್‌ನ ಲೋಹದ ಮೈಗೂ ನಡುವೆ ಮೀಟರ್ ಇಟ್ಟರು. ಅಲ್ಲಿ ‘ಓಎಲ್’ ಬರಲೇಬೇಕು, ಬಾರದಿದ್ದರೆ ಮೈಗೆ ಕರೆಂಟ್ ಸೋರುತ್ತಿದೆ ಅಂತ ಅರ್ಥ. ಕಿಟಕಿ ತೆಗೆದು ಅರ್ಧ ಗಂಟೆ ಖಾಲಿ ಓವನ್ ಓಡಿಸಿದೆವು, ಹೊಸ ಕಾಯಿಲ್‌ನ ವಾಸನೆ ಹೋಗಲಿ ಅಂತ. ಸಂಜೆಯ ಕೇಕಿನಲ್ಲಿ ಅರ್ಧ ಅವರ ಮನೆಗೇ ಹೋಯಿತು.

2022ರಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ‘ರೈಟ್ ಟು ರಿಪೇರ್’, ಅಂದರೆ ಕೊಂಡ ಸಾಮಾನನ್ನು ರಿಪೇರಿ ಮಾಡಿಸಿಕೊಳ್ಳುವ ಹಕ್ಕಿನ ಬಗ್ಗೆ ಸಮಿತಿ ಮಾಡಿತು. ಮನೆಬಳಕೆಯ ಸಾಮಾನುಗಳೂ ಅದರ ಪಟ್ಟಿಯಲ್ಲಿದ್ದವು. ನಾನು ಕೇಳುವುದು ಜಾಸ್ತಿ ಏನಲ್ಲ. ಪ್ರತಿ ಓವನ್‌ನ ಹಿಂದಿನ ತಗಡಿನ ಒಳಗೆ ವೈರಿಂಗ್ ಚಿತ್ರ ಅಂಟಿಸಲಿ, ಒಂದೊಂದು ಕಾಯಿಲ್‌ನ ವ್ಯಾಟ್ ಬರೆಯಲಿ. ಸರ್ವಿಸ್‌ಗೆ ಕಳಿಸುವ ಹುಡುಗರ ಕೈಗೆ ಒಂದು ಮೀಟರ್ ಕೊಡಲಿ, ಅದನ್ನು ಬಳಸುವಷ್ಟು ಹೊತ್ತನ್ನೂ ಕೊಡಲಿ.